ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದವರಿಗೆ

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಹೃದಯಾಘಾತವನ್ನು ಒಮ್ಮೆ ದಾಟಿ ಬಂದಿರುವ ಹಿರಿಯರೆ, ಅಕ್ಕ-ಅಣ್ಣಂದಿರೆ, ಅವರ ಊಟ-ಗುಳಿಗೆ ನೋಡಿಕೊಳ್ಳುತ್ತಿರುವ ಮನೆಯವರೆ,



2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಬೆನ್ನಿಗೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಇಡೀ ರಾಜ್ಯ ತನ್ನ ಎದೆ ಮುಟ್ಟಿ ನೋಡಿಕೊಂಡಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ ಜುಲೈನಲ್ಲಿ ವರದಿ ಕೊಟ್ಟಿತು. ಹಾಸನದಲ್ಲಿ ಹೃದಯದ ಸಾವುಗಳು ದಿಢೀರನೆ ಏರಿದ್ದಕ್ಕೆ ಆಧಾರವಿಲ್ಲ, 24ರಲ್ಲಿ 4 ಸಾವುಗಳು ಹೃದಯಕ್ಕೆ ಸಂಬಂಧಪಟ್ಟವೇ ಅಲ್ಲ, ಉಳಿದವುಗಳ ಹಿಂದೆ ಕಂಡದ್ದು ಬಹುಮಟ್ಟಿಗೆ ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಬೊಜ್ಜಿನಂಥ ಹಳೆಯ ಕಾರಣಗಳೇ ಎಂದು ಅದು ಹೇಳಿತು. ಶಾಲಾ ಮಕ್ಕಳ ತಪಾಸಣೆ, ಆಸ್ಪತ್ರೆಯ ಹೊರಗಾಗುವ ಹಠಾತ್ ಸಾವುಗಳ ಕಡ್ಡಾಯ ವರದಿ ಮುಂತಾದ ಕ್ರಮಗಳ ಚರ್ಚೆಯೂ ನಡೆಯಿತು. ಎಲ್ಲವೂ ಬೇಕಾದದ್ದೇ. ಆದರೆ ಆ ಗದ್ದಲದಲ್ಲಿ ನಿಮ್ಮ ಮಾತು ಎಲ್ಲೂ ಬರಲಿಲ್ಲ. ಆಘಾತ ಯಾರಿಗಾದೀತು ಎಂದು ಊರೆಲ್ಲ ಹುಡುಕುತ್ತಿರುವಾಗ, ಒಮ್ಮೆ ಆಗಿಹೋದವರ ಹೆಸರು, ವಿಳಾಸ, ಇಸಿಜಿ, ಆಂಜಿಯೋಗ್ರಾಂ ಎಲ್ಲವೂ ಕಡತದಲ್ಲಿ ಇದ್ದವು. ಅಪಾಯ ಯಾರಿಗೆ ಹೆಚ್ಚೆಂದು ಮೊದಲೇ ಗೊತ್ತಿರುವ ಈ ಜನರತ್ತ ಯಾರೂ ತಿರುಗಿ ನೋಡಲಿಲ್ಲ. ಈ ಪತ್ರ ಅದಕ್ಕಾಗಿ.

ನಾನು ಹೇಳಬೇಕಾದದ್ದು ಒಂದೇ. ಎರಡನೆಯ ಹೃದಯಾಘಾತ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಬಳ್ಳಾರಿಯ ಅಥವಾ ಬೆಂಗಳೂರಿನ ಆಪರೇಷನ್ ಕೋಣೆಯಲ್ಲಲ್ಲ, ಮನೆಗೆ ಬಂದ ಮೇಲಿನ ತಿಂಗಳುಗಳಲ್ಲಿ, ಗುಳಿಗೆ ನಿಲ್ಲುತ್ತದೋ ಮುಂದುವರಿಯುತ್ತದೋ ಎಂಬುದರ ಮೇಲೆ. ಇದು ಉಪದೇಶವಲ್ಲ. ಪುರಾವೆ ಇದೆ, ಒಂದೊಂದಾಗಿ ನೋಡೋಣ.

ಮೊದಲು ಅಪಾಯದ ಅಳತೆ. ಸ್ವೀಡನ್ನಿನಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ಸುಮಾರು 97 ಸಾವಿರ ಜನರ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮೊದಲ ವರ್ಷದಲ್ಲೇ ನೂರಕ್ಕೆ 18 ಜನರಿಗೆ ಮತ್ತೊಂದು ಆಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಕಾಯಿಲೆಯಿಂದ ಸಾವು ಸಂಭವಿಸಿತ್ತು. ಆ ಒಂದು ವರ್ಷವನ್ನು ಏನೂ ಆಗದೆ ಕಳೆದವರಿಗೂ ಮುಂದಿನ 3 ವರ್ಷಗಳಲ್ಲಿ ನೂರಕ್ಕೆ 20ರಷ್ಟು ಅಪಾಯ ಉಳಿದೇ ಇತ್ತು. ಚಿಕಿತ್ಸೆಗೆ ಕೊರತೆಯಿಲ್ಲದ ದೇಶದ ಲೆಕ್ಕ ಇದು. ನಮ್ಮ ಕಥೆಗೆ ಇನ್ನೊಂದು ಮಗ್ಗುಲಿದೆ. 52 ದೇಶಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವುದು ಉಳಿದವರಿಗಿಂತ ಐದಾರು ವರ್ಷ ಮೊದಲೇ, ಸರಾಸರಿ 53ರ ಆಸುಪಾಸಿನಲ್ಲಿ. ಮೊದಲನೆಯದು ಬೇಗ ಬಂದರೆ ಎರಡನೆಯದರ ಅಪಾಯವನ್ನು ಹೊತ್ತು ಬದುಕಬೇಕಾದ ವರ್ಷಗಳೂ ಹೆಚ್ಚು. ಅವು ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲ ಇವೆಲ್ಲ ಹೆಗಲ ಮೇಲಿರುವ ವರ್ಷಗಳು.

"ಸ್ಟೆಂಟ್ ಹಾಕ್ಯಾರಲ್ಲ, ಇನ್ನೇನು?" ಎಂಬ ಮಾತು ನಮ್ಮ ಕಡೆ ಬಹಳ. ಸ್ಟೆಂಟ್ ಪ್ರಾಣ ಉಳಿಸುತ್ತದೆ, ಅನುಮಾನ ಬೇಡ. ಆಘಾತ ನಡೆಯುತ್ತಿರುವಾಗ ಮುಚ್ಚಿದ ನಾಳವನ್ನು ತೆರೆಯಲು ಅದಕ್ಕಿಂತ ಒಳ್ಳೆಯ ದಾರಿ ಸದ್ಯಕ್ಕಿಲ್ಲ. ಆದರೆ ಅದು ತೆರೆಯುವುದು ಒಂದು ಜಾಗವನ್ನು, ಕಾಯಿಲೆ ಇರುವುದು ಎಲ್ಲ ನಾಳಗಳಲ್ಲಿ. ತುಂಗಭದ್ರಾ ಕಾಲುವೆಯಲ್ಲಿ ಒಂದು ಕಡೆ ಹೂಳು ತೆಗೆಸಿದ ಮಾತ್ರಕ್ಕೆ ಕೊನೆ ಭಾಗದ ಗದ್ದೆಗೆ ವರ್ಷವಿಡೀ ನೀರು ಬರುತ್ತದೆಂದು ಸಿರುಗುಪ್ಪದ ಯಾವ ರೈತರೂ ನಂಬುವುದಿಲ್ಲ. ಹೃದಯದ ವಿಷಯದಲ್ಲಿ ಮಾತ್ರ ನಂಬುತ್ತೇವೆ. ಹೃದಯಾಘಾತದಂಥ ತೀವ್ರ ತೊಂದರೆಗೆ ಸ್ಟೆಂಟ್ ಹಾಕಿಸಿಕೊಂಡ 697 ಜನರನ್ನು 3 ವರ್ಷ ಗಮನಿಸಿದ 'ಪ್ರಾಸ್ಪೆಕ್ಟ್' ಅಧ್ಯಯನ 2011ರಲ್ಲಿ ತೋರಿಸಿದ್ದು ಇದನ್ನೇ. ಹಳೆಯ ಜಾಗದಿಂದ ಮತ್ತೆ ತೊಂದರೆ ಕಂಡವರು ನೂರಕ್ಕೆ ಸುಮಾರು 13, ಕೈಯೇ ಹಾಕದಿದ್ದ ಬೇರೆ ಜಾಗದಿಂದ ತೊಂದರೆ ಕಂಡವರು ನೂರಕ್ಕೆ ಸುಮಾರು 12. ಅಂದರೆ ಮರುಕಳಿಸುವ ತೊಂದರೆಯ ಹತ್ತಿರ ಹತ್ತಿರ ಅರ್ಧಭಾಗಕ್ಕೆ ಹಾಕಿದ ಸ್ಟೆಂಟಿನೊಂದಿಗೆ ಸಂಬಂಧವೇ ಇಲ್ಲ.

ಎಲ್ಲ ನಾಳಗಳಿಗೂ ಒಟ್ಟಿಗೆ ಕೆಲಸ ಮಾಡುವುದು ಗುಳಿಗೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಅದರ ಜೊತೆಗೆ ಸಾಮಾನ್ಯವಾಗಿ ಒಂದು ವರ್ಷ ಕೊಡುವ ಕ್ಲೋಪಿಡೋಗ್ರೆಲ್ ಅಥವಾ ಅದರ ಜಾತಿಯ ಇನ್ನೊಂದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ ಮತ್ತು ಹೃದಯದ ಹೊರೆ ತಗ್ಗಿಸುವ ಒಂದೆರಡು. ಸ್ಕ್ಯಾಂಡಿನೇವಿಯಾ ದೇಶಗಳ 4,444 ಹೃದ್ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟ್ಯಾಟಿನ್ ಒಂದೇ ಸಾವಿನ ಪ್ರಮಾಣವನ್ನು ನೂರಕ್ಕೆ 30ರಷ್ಟು ಇಳಿಸಿತು. ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದಲ್ಲಿ ಹೃದಯಾಘಾತವಾಗಿ ಮನೆಗೆ ಹೋದ ಸುಮಾರು 1,500 ಜನರಲ್ಲಿ 184 ಮಂದಿ ತಮಗೆ ಬರೆದುಕೊಟ್ಟಿದ್ದ ಮೂರೂ ಮುಖ್ಯ ಗುಳಿಗೆಗಳನ್ನು ಒಂದೇ ತಿಂಗಳಿಗೆ ಬಿಟ್ಟಿದ್ದರು. ವರ್ಷದ ಕೊನೆಗೆ ಬದುಕುಳಿದವರ ಪ್ರಮಾಣ ಮುಂದುವರಿಸಿದವರಲ್ಲಿ ನೂರಕ್ಕೆ 97.7, ಬಿಟ್ಟವರಲ್ಲಿ 88.5. ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡವರನ್ನು ಕುರಿತ ಇನ್ನೊಂದು ಅಧ್ಯಯನ ಇನ್ನೂ ಕಠೋರ. ಕ್ಲೋಪಿಡೋಗ್ರೆಲ್ ಜಾತಿಯ ಗುಳಿಗೆಯನ್ನು ಮೊದಲ ತಿಂಗಳೊಳಗೆ ನಿಲ್ಲಿಸಿದವರಲ್ಲಿ ಮುಂದಿನ 11 ತಿಂಗಳಲ್ಲಿ ನೂರಕ್ಕೆ 7.5 ಮಂದಿ ತೀರಿಕೊಂಡರು, ಮುಂದುವರಿಸಿದವರಲ್ಲಿ 0.7. ಎರಡೂ 2006ರಲ್ಲಿ ಪ್ರಕಟವಾದವು. ಗುಳಿಗೆ ಬಿಟ್ಟವರು ಮೊದಲೇ ಹೆಚ್ಚು ಬಡವರು, ಹೆಚ್ಚು ಕಾಯಿಲೆಯವರು ಇದ್ದಿರಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳಬೇಕು ಕೂಡ. ಸ್ವಲ್ಪಮಟ್ಟಿಗೆ ಅದು ನಿಜ, ವ್ಯತ್ಯಾಸ ಪೂರ್ತಿ ಗುಳಿಗೆಯದೇ ಎಂದು ಇಂಥ ಅಧ್ಯಯನಗಳಿಂದ ಸಾಧಿಸಲಾಗದು. ಆದರೆ ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗಗಳೂ ಅದೇ ದಿಕ್ಕಿಗೆ ಬೆರಳು ತೋರುತ್ತವೆ.

ಹಾಗಿದ್ದರೂ ಯಾಕೆ ನಿಲ್ಲುತ್ತದೆ? 17 ದೇಶಗಳ 'ಪ್ಯೂರ್' ಅಧ್ಯಯನ 2011ರಲ್ಲಿ ಹೇಳಿದ ಪ್ರಕಾರ ಬಡ ದೇಶಗಳಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದವರ ಪೈಕಿ ನೂರಕ್ಕೆ 80 ಮಂದಿ ಈ ಗುಳಿಗೆಗಳಲ್ಲಿ ಒಂದನ್ನೂ ನುಂಗುತ್ತಿರಲಿಲ್ಲ. ಆ ಬಡ ದೇಶಗಳ ಗುಂಪಿನಲ್ಲಿ ಭಾರತವೂ ಇತ್ತು. ಇಷ್ಟು ಜನ ಒಟ್ಟಿಗೆ ದಡ್ಡರಾಗಿರಲು ಸಾಧ್ಯವಿಲ್ಲ, ಅವರವರ ಕಾರಣಗಳಿರುತ್ತವೆ. ಆ ಕಾರಣಗಳನ್ನು ಗೌರವದಿಂದ ಕೇಳಿಸಿಕೊಳ್ಳದೆ "ಗುಳಿಗೆ ನುಂಗಿ" ಎಂದು ಒದರುವುದು ವ್ಯರ್ಥ.

"ಈಗ ಆರಾಮ ಇದೀನಿ, ಇನ್ಯಾಕ ಗುಳಿಗಿ?" ಇದು ಮೊದಲನೆಯದು. ಜ್ವರದ ಗುಳಿಗೆಗೆ ಈ ತರ್ಕ ಸರಿ, ಇದಕ್ಕಲ್ಲ. ನಿಮ್ಮ ಆರಾಮಿಗೆ ಆ ಗುಳಿಗೆಯೂ ಒಂದು ಕಾರಣ. ಎರಡನೆಯದು ಅಡ್ಡಪರಿಣಾಮದ ಅಂಜಿಕೆ: ಉಷ್ಣ ಆಗುತ್ತದೆ, ಲಿವರ್ ಹಾಳಾಗುತ್ತದೆ, ಕಿಡ್ನಿಗೆ ಬಡಿಯುತ್ತದೆ, ಕೈಕಾಲು ನೋವು. ಆಸ್ಪಿರಿನ್ ಕೆಲವರಿಗೆ ಹೊಟ್ಟೆಯುರಿ ತರುತ್ತದೆ, ಅಪರೂಪಕ್ಕೆ ರಕ್ತಸ್ರಾವವನ್ನೂ ತರುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ತಕ್ಷಣ ವೈದ್ಯರನ್ನು ಕಾಣಬೇಕು. ಹೊಟ್ಟೆಯುರಿಗೆ ಹೊಟ್ಟೆ ಕಾಯುವ ಗುಳಿಗೆ ಇದೆ, ಆಸ್ಪಿರಿನ್ ಬದಲಿಗೆ ಬೇರೆಯದನ್ನೂ ಕೊಡಬಲ್ಲರು. ಸ್ಟ್ಯಾಟಿನ್ ಬಗ್ಗೆ 2020ರಲ್ಲಿ ಒಂದು ಸ್ವಾರಸ್ಯದ ಪ್ರಯೋಗ ಪ್ರಕಟವಾಯಿತು. ಅಡ್ಡಪರಿಣಾಮ ತಾಳಲಾರದೆ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವೇ ಇಲ್ಲದ ಬರಿ ಗುಳಿಗೆ ಕೊಟ್ಟರು, ಯಾವುದು ಯಾವಾಗ ಎಂದು ಹೇಳಲಿಲ್ಲ. ಸ್ಟ್ಯಾಟಿನ್ ನುಂಗುವಾಗಿನ ತೊಂದರೆಯಲ್ಲಿ ನೂರಕ್ಕೆ 90 ಪಾಲು ಬರಿ ಗುಳಿಗೆ ನುಂಗುವಾಗಲೂ ಇತ್ತು. ನೋವು ಸುಳ್ಳಲ್ಲ, ಅದು ನಿಜವಾದ ನೋವೇ. ಆದರೆ ಬಹುಪಾಲು ಅದು ಔಷಧದಿಂದ ಬಂದದ್ದಲ್ಲ, ಔಷಧದ ಅಂಜಿಕೆಯಿಂದ ಬಂದದ್ದು. ನಮ್ಮ ಬೇಸಿಗೆಯನ್ನೂ ಇಲ್ಲಿ ಹೇಳಲೇಬೇಕು. 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿನಲ್ಲಿ ಮೈಯ ನೀರು ಹೊರಹಾಕುವ ಜಾತಿಯ ಗುಳಿಗೆ ನುಂಗುವವರಿಗೆ ತಲೆ ಸುತ್ತಬಹುದು, ಬಿಪಿ ಇಳಿಯಬಹುದು. ಆಗ ಪ್ರಮಾಣ ಬದಲಾಗಬೇಕು, ಬದಲಾಯಿಸಬೇಕಾದವರು ವೈದ್ಯರು. ರಂಜಾನ್ ಉಪವಾಸಕ್ಕೆ, ಶ್ರಾವಣದ ಒಪ್ಪತ್ತಿಗೆ ಗುಳಿಗೆಯ ಹೊತ್ತು ಹೊಂದಿಸುವ ದಾರಿಯನ್ನೂ ಅವರಲ್ಲೇ ಕೇಳಬೇಕು. ಹಲ್ಲು ಕೀಳಿಸುವ ಮುಂಚೆ ರಕ್ತ ತಿಳಿಯಾಗಿಸುವ ಗುಳಿಗೆಯನ್ನು ನಾವಾಗಿಯೇ ನಿಲ್ಲಿಸುವುದಂತೂ ಬೇಡವೇ ಬೇಡ.

ಯೋಗ, ಕಷಾಯ, ನಾಟಿ ಔಷಧ ಸಾಲದೆ ಎಂದು ಕೇಳುವವರಿಗೆ ನಮ್ಮ ದೇಶದ ಪ್ರಯೋಗವೇ ಉತ್ತರ ಕೊಟ್ಟಿದೆ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ 'ಯೋಗ-ಕೇರ್' ಪ್ರಯೋಗದಲ್ಲಿ ಯೋಗ ಕಲಿತವರು ಹೆಚ್ಚು ಆರೋಗ್ಯವಾಗಿದ್ದೇವೆ ಎಂದರು, ಹಳೆಯ ಕೆಲಸಗಳಿಗೆ ಚೆನ್ನಾಗಿ ಮರಳಿದರು. ಆದರೆ ಮತ್ತೆ ಆಘಾತ, ಸಾವು ಇತ್ಯಾದಿಗಳಲ್ಲಿ ಖಚಿತವೆನ್ನುವಂಥ ಇಳಿಕೆ ಕಾಣಲಿಲ್ಲ. ಯೋಗ ಮಾಡಿ, ಗುಳಿಗೆಯ ಜೊತೆಗೆ ಮಾಡಿ. ಕಷಾಯಗಳ ಬಗ್ಗೆ ಇಷ್ಟು ದೊಡ್ಡ ಪರೀಕ್ಷೆ ನಡೆದದ್ದನ್ನು ನಾನು ಕಂಡಿಲ್ಲ.

ಇನ್ನು ದುಡ್ಡು. ಇದು ನೆಪವಲ್ಲ, ನಿಜ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಜೇವಿಯರ್ ಮತ್ತು ಸಂಗಡಿಗರು ದೇಶದ 50 ನಗರಗಳ 20,468 ರೋಗಿಗಳ ದಾಖಲೆ ಕಲೆಹಾಕಿ 2008ರಲ್ಲಿ ಪ್ರಕಟಿಸಿದ 'ಕ್ರಿಯೇಟ್' ಅಧ್ಯಯನದಲ್ಲಿ ಆಘಾತವಾದ 30 ದಿನಗಳೊಳಗೆ ತೀರಿಕೊಂಡ ಬಡವರು ನೂರಕ್ಕೆ 8.2, ಉಳ್ಳವರು 5.5. ಚಿಕಿತ್ಸೆಯಲ್ಲಿದ್ದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಅಳಿಸಿಹೋಯಿತು. ಬಡವರ ಎದೆ ದುರ್ಬಲವೇನಲ್ಲ, ಅವರಿಗೆ ಸಿಕ್ಕ ಔಷಧ ಕಡಿಮೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ಎಲ್ಲ ಒಳ್ಳೆಯದೇ. ಆದರೆ ಯೋಜನೆಯ ಕಣ್ಣು ನೆಟ್ಟಿರುವುದು ಆಸ್ಪತ್ರೆಯ ಹಾಸಿಗೆಯ ಮೇಲೆ, ಆ ಮೇಲಿನ ಇಪ್ಪತ್ತು ವರ್ಷದ ಗುಳಿಗೆಯ ಮೇಲಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲರೊಬ್ಬರು, ಬಳ್ಳಾರಿಯ ಜೀನ್ಸ್ ಹೊಲಿಯುವ ಹೆಂಗಸೊಬ್ಬರು ತಿಂಗಳಿಗೊಮ್ಮೆ ತಪಾಸಣೆಗೆ ಹೋದರೆ ಬಸ್ಸಿನ ಖರ್ಚಿನ ಜೊತೆಗೆ ಆ ದಿನದ ಕೂಲಿಯೂ ಹೋಯಿತು. ಇದಕ್ಕೆ ಇರುವ ದಾರಿಗಳನ್ನಾದರೂ ಬಳಸಿಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆಗೆ ಸರಕಾರಿ ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ಗಳಲ್ಲಿ ಗುಳಿಗೆ ಉಚಿತ, ಹೃದಯದವು ಯಾವುವು ಸಿಗುತ್ತವೆ ಎಂದು ಅಲ್ಲೇ ಕೇಳಿ. ಜನೌಷಧಿ ಮಳಿಗೆಯಲ್ಲಿ ಅದೇ ಔಷಧ ಬಹಳ ಅಗ್ಗ. ಕಂಪನಿಯ ಹೆಸರು ಬದಲಾದರೆ ಗಾಬರಿ ಬೇಡ, ಒಳಗಿನ ಔಷಧದ ಹೆಸರು ಅದೇ ಇದೆಯೇ ನೋಡಿ. ಆಸ್ಪಿರಿನ್ 75 ಗುಳಿಗೆ ಒಂದಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ. ಗುಟ್ಕಾ ಪಾಕೀಟಿಗೆ ಎಷ್ಟು ಕೊಡುತ್ತೇವೆಂದು ನಾನು ಹೇಳಬೇಕಿಲ್ಲ.

ತಂಬಾಕಿನ ಮಾತು ಬಂತಲ್ಲ, ಮುಗಿಸಿಬಿಡುತ್ತೇನೆ. ಹೃದಯದ ಕಾಯಿಲೆ ಬಂದ ಮೇಲೆ ಬೀಡಿ-ಸಿಗರೇಟು ಬಿಟ್ಟವರಲ್ಲಿ ಸಾವಿನ ಪ್ರಮಾಣ ಬಿಡದವರಿಗಿಂತ ನೂರಕ್ಕೆ 36ರಷ್ಟು ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ಲೆಕ್ಕ ಹಾಕಿದ್ದಾರೆ. ಮೇಲೆ ಹೇಳಿದ ಸ್ಟ್ಯಾಟಿನ್ ಪ್ರಯೋಗದ ಅಂಕಿಗಿಂತಲೂ ಇದು ದೊಡ್ಡದು. ಊಟದ ಬಗ್ಗೆ ನನಗೆ ಅಷ್ಟು ಹಟವಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಒಗ್ಗರಣೆ-ಮಿರ್ಚಿ ಕಡಿಮೆಯಾಗಬೇಕು, ಅನ್ನದ ಗುಡ್ಡೆ ಸಣ್ಣದಾಗಬೇಕು. ಆದರೆ ಒಂದು ದಿನ ಮಿರ್ಚಿ ತಿಂದೆನೆಂದು ನೊಂದುಕೊಳ್ಳುವ ಮನುಷ್ಯ ಒಂದು ವಾರ ಗುಳಿಗೆ ಬಿಟ್ಟದ್ದಕ್ಕೆ ನೊಂದುಕೊಳ್ಳುವುದಿಲ್ಲ. ನನಗೆ ವಿಚಿತ್ರವೆನಿಸುವುದು ಅದು.

ಎಲ್ಲ ಮಾಡಿದರೂ ಎರಡನೆಯದು ಬರಬಹುದು. ಆಗ ಕಳೆದುಹೋಗುವುದು ಹೊತ್ತು. ಮೇಲೆ ಹೇಳಿದ 'ಕ್ರಿಯೇಟ್' ಅಧ್ಯಯನದಲ್ಲಿ ದೊಡ್ಡ ಆಘಾತವಾದವರು ನೋವು ಶುರುವಾದಾಗಿನಿಂದ ಆಸ್ಪತ್ರೆ ಮುಟ್ಟಲು ತೆಗೆದುಕೊಂಡ ಸಮಯದ ಮಧ್ಯಮ ಅಳತೆ 360 ನಿಮಿಷ. ಆಸ್ಪತ್ರೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಹಿಡಿದದ್ದು 50 ನಿಮಿಷ. ಕುರುಗೋಡಿನಿಂದ ಬಳ್ಳಾರಿ ಸುಮಾರು 30 ಕಿಲೋಮೀಟರ್, ಸಿರುಗುಪ್ಪದಿಂದ ಸುಮಾರು ಅದರ ಎರಡರಷ್ಟು. ರಸ್ತೆ ಎಷ್ಟೇ ಕೆಟ್ಟಿದ್ದರೂ 6 ಗಂಟೆ ಬೇಕಾಗದು. ಆ ಹೊತ್ತು ಹೋಗುವುದು "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಯುವುದರಲ್ಲಿ, ಬೆಳಗಾಗಲಿ ಎಂದು ಕಾಯುವುದರಲ್ಲಿ, ಮಗ ಬರಲಿ ಎನ್ನುವುದರಲ್ಲಿ. ಒಮ್ಮೆ ಆಘಾತವಾದವರಿಗೆ ಗ್ಯಾಸ್ ಎಂಬ ತೀರ್ಮಾನ ಮನೆಯಲ್ಲಿ ಆಗಬಾರದು, ಇಸಿಜಿ ಆದ ಮೇಲೆ ಆಗಬೇಕು. ಎರಡನೆಯ ಸಲ ನೋವು ಮೊದಲಿನ ಹಾಗೆಯೇ ಬರಬೇಕೆಂದೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಬರಿ ಏದುಸಿರು, ತಣ್ಣನೆಯ ಬೆವರು, ವಾಂತಿ, ದವಡೆ ಅಥವಾ ತೋಳಿನ ನೋವಾಗಿಯೂ ಬರುತ್ತದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ರ ಪ್ರಾಯದಲ್ಲಿ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ರಾಜ್ಯ ಸರಕಾರ ತಂದಿರುವ 'ಹೃದಯ ಜ್ಯೋತಿ' ಯೋಜನೆಯ ತಿರುಳೇ ಈ ಹೊತ್ತು ಉಳಿಸುವುದು. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು. 300 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ನೇರವಾಗಿ ಕಾರು ಬಿಡುವುದು ಉಳ್ಳವರು ಮಾಡುವ ತಪ್ಪು, ದಾರಿಯಲ್ಲಿ ಸ್ನಾಯು ಸಾಯುತ್ತ ಹೋಗುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಇಸಿಜಿ, ಈ ಚುಚ್ಚುಮದ್ದು ಸಿಗುತ್ತದೆಯೇ ಎಂದು ಇವತ್ತೇ, ಆರಾಮಾಗಿರುವಾಗಲೇ ಹೋಗಿ ಕೇಳಿ. ಇಲ್ಲವೆಂದರೆ ನೇರ ಬಳ್ಳಾರಿಯ ಬಿಎಂಸಿಆರ್‌ಸಿ, ಅಂದರೆ ನಾವಿನ್ನೂ ವಿಮ್ಸ್ ಎನ್ನುವ ಆಸ್ಪತ್ರೆಗೇ ಹೊರಡಬೇಕೆಂದು ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿರಲಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವ ಬದಲು 108ಕ್ಕೆ ಫೋನ್ ಮಾಡಿ.

ಎಲ್ಲ ಹೊರೆಯನ್ನೂ ರೋಗಿಯ ತಲೆಗೇ ಕಟ್ಟುತ್ತೀರಲ್ಲ ಎಂಬುದು ಕೊನೆಯ ಆಕ್ಷೇಪ, ನನ್ನ ಮಟ್ಟಿಗೆ ಅತಿ ನ್ಯಾಯವಾದದ್ದೂ ಹೌದು. ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜ್ ಚೀಟಿ ಕೊಟ್ಟು ಎರಡು ನಿಮಿಷದಲ್ಲಿ ಕಳಿಸಿಬಿಟ್ಟು, ಆಮೇಲೆ ಗುಳಿಗೆ ಬಿಟ್ಟರೆಂದು ದೂರುವುದು ಅನ್ಯಾಯ. ಇದಕ್ಕೂ ಪರೀಕ್ಷೆ ಮಾಡಿ ನೋಡಿದ ಉತ್ತರವಿದೆ. ಸೇಂಟ್ ಜಾನ್ಸ್‌ನವರೇ ಮುಂದಾಗಿ ಭಾರತದ 14 ಆಸ್ಪತ್ರೆಗಳ 806 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಒಂದು ವರ್ಷ ರೋಗಿಗಳನ್ನು ಆಗಾಗ ಕಂಡು ಗುಳಿಗೆ, ಊಟ, ನಡಿಗೆಯ ಬಗ್ಗೆ ವಿಚಾರಿಸಿದರು. ಗುಳಿಗೆ ತಪ್ಪಿಸದವರು ನೂರಕ್ಕೆ 97, ಬರೀ ಮಾಮೂಲಿ ಚಿಕಿತ್ಸೆಯಿದ್ದವರಲ್ಲಿ 92. ತಂಬಾಕು ಬಿಟ್ಟವರು 85, ಇನ್ನೊಂದು ಗುಂಪಿನಲ್ಲಿ 52. ಹೊಸ ಯಂತ್ರ ಬೇಕಿಲ್ಲ, ವಿಚಾರಿಸುವ ಮನುಷ್ಯರು ಬೇಕು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ 'ಗೃಹ ಆರೋಗ್ಯ' ಯೋಜನೆ ಮನೆಬಾಗಿಲಿಗೆ ತಪಾಸಣೆ ಒಯ್ಯುವಂಥದ್ದು. ಆಶಾ ಕಾರ್ಯಕರ್ತೆಯರಿಗೆ ತಕ್ಕ ಗೌರವಧನ ಕೊಟ್ಟು, ಹೃದಯಾಘಾತವಾದವರ ಪಟ್ಟಿಯನ್ನು ಅದರೊಳಗೆ ಸೇರಿಸಿ, ತಿಂಗಳ ಗುಳಿಗೆಯನ್ನು ಅವರ ಕೈಯಿಂದಲೇ ತಲುಪಿಸಲು ಜಿಲ್ಲೆಯ ಆರೋಗ್ಯ ಇಲಾಖೆಗೆ ಅಡ್ಡಿ ಏನು? ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ 'ಪಾಲಿಪಿಲ್' 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ ಸೇರಿದೆ. ಅಂಥ ಗುಳಿಗೆಯ ಮೊದಲ ಪರೀಕ್ಷೆಗಳಲ್ಲೊಂದು ಭಾರತದ 50 ಕಡೆ ನಡೆದು 2009ರಲ್ಲಿ ಪ್ರಕಟವಾಗಿತ್ತು. ನಮ್ಮಲ್ಲೇ ಪರೀಕ್ಷೆಗೊಂಡದ್ದು ನಮ್ಮ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ನಿಮ್ಮ ಶಾಸಕರು ಓಟು ಕೇಳಲು ಬಂದಾಗ ಸಮುದಾಯ ಭವನದ ಬದಲು ಇದನ್ನು ಕೇಳಿ.

ಆದರೆ ಇಲಾಖೆ ಎಚ್ಚರಗೊಳ್ಳುವ ತನಕ ನಿಮ್ಮ ನಾಳಗಳು ಕಾಯುವುದಿಲ್ಲ. ಹಾಗಾಗಿ ಕೇಳಿಕೊಳ್ಳುತ್ತೇನೆ: ಈ ವಾರವೇ ಡಿಸ್ಚಾರ್ಜ್ ಚೀಟಿಯನ್ನು ಹೊರಗೆ ತೆಗೆಯಿರಿ. ಅದರಲ್ಲಿರುವ ಒಂದೊಂದು ಗುಳಿಗೆ ಯಾತಕ್ಕೆ, ಎಷ್ಟು ದಿನಕ್ಕೆ ಎಂದು ವೈದ್ಯರಿಂದ ಕೇಳಿ ಕನ್ನಡದಲ್ಲಿ ಬರೆಸಿಕೊಂಡು ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ. ನಡುವೆ ಯಾವಾಗಲೋ ನಿಲ್ಲಿಸಿದ್ದರೆ, ಬೈಸಿಕೊಳ್ಳುವ ಅಂಜಿಕೆ ಬಿಟ್ಟು ಅದೇ ವೈದ್ಯರ ಹತ್ತಿರ ಹೋಗಿ, "ನಿಲ್ಲಿಸಿದ್ದೆ, ಮತ್ತೆ ಶುರು ಮಾಡಬೇಕು" ಎಂದು ಹೇಳಿ.